ಹುರಿದ ದಿನವೇ ಕಾಫಿ ಬೇಡ

ನೆಂಟರು ಬರ್ತಾರೆ ಅಂದ್ರೆ ನಮ್ಮ ಮಲೆನಾಡ ಕಡೆ ಬೆಳಿಗ್ಗೆಯೇ ಬಾಣಲೆ ಒಲೆ ಏರ್ತದೆ. ಹಿತ್ತಲ ಕಾಫಿ ಬೀಜ ಹುರಿದು, ಬಿಸಿ ಆರೋ ಮೊದಲೇ ಪುಡಿ ಮಾಡಿ, "ಈಗಷ್ಟೇ ಹುರಿದದ್ದು" ಅಂತ ಲೋಟ ಕೊಡೋದೇ ಒಂದು ಹೆಮ್ಮೆ. ಆ ಹೆಮ್ಮೆ ಬಿಡಿ ಅಂತೇನೆ ನಾನು. ಹುರಿದ ಬೀಜಕ್ಕೂ ನಾಲ್ಕು ದಿನ ಬಾಣಂತನ ಬೇಕು.

ನಾನು ಸೊಸೆಯಾಗಿ ಬಂದ ಹೊಸತು. ಆಗಷ್ಟೇ ಹುರಿದ ಪುಡಿ ಫಿಲ್ಟರಿಗೆ ಹಾಕಿ ಕುದಿನೀರು ಹೊಯ್ದೆ. ಬುಸುಬುಸು ನೊರೆಯೆದ್ದು ಉಬ್ಬಿ ಬಂತು. ಕೆಳಗಿಳಿದ ಡಿಕಾಕ್ಷನ್ ನೀರು ನೀರು, ಬಾಯಿಗೆ ಹುಳಿ ಹುಳಿ. ಹಿರಿಯರೊಬ್ಬರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಕೈಗುಣ ಇನ್ನೂ ಸಾಲದು" ಅಂದ್ರು. ಒಳಗೆ ಹೋಗಿ ಅತ್ತೆ. ಅದೇ ಬೀಜದಲ್ಲಿ ಉಳಿದದ್ದನ್ನು ಐದನೇ ದಿನ ಪುಡಿ ಮಾಡಿ, ಅದೇ ಕೈಯಲ್ಲಿ ಇಳಿಸಿದೆ. ಕಪ್ಪಗೆ, ಗಟ್ಟಿಯಾಗಿ ಇಳೀತು. ಹೊಗಳೋಕೆ ಆಗ ಯಾರೂ ಇರ್ಲಿಲ್ಲ ಬಿಡಿ.

ಹುರಿಯೋವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಹುಟ್ತದೆ, ಸೋಡಾದಲ್ಲಿ ಇರೋದೇ ಅದು. ಮೊದಲ ಒಂದೆರಡು ದಿನ ಜೋರಾಗಿ, ಆಮೇಲೆ ನಿಧಾನಕ್ಕೆ ಹೊರಗೆ ಹೋಗ್ತದೆ. ಅದು ತುಂಬಿರೋವಾಗ ನೀರು ಹಾಕಿದ್ರೆ ನೀರನ್ನೇ ಆಚೆ ತಳ್ತದೆ, ಪುಡಿ ಸತ್ವ ಬಿಡೋದಿಲ್ಲ. ಅಂಗಡಿಯ ಬೀಜದ ಪ್ಯಾಕೆಟ್ಟಿಗೆ ಸಣ್ಣ ತೂತಿನ ಬಿಲ್ಲೆ ಇರ್ತದಲ್ಲ, ಅದು ಈ ಗಾಳಿ ಹೋಗ್ಲಿಕ್ಕೆ. ಮೂಸಿ ನೋಡ್ಲಿಕ್ಕೆ ಇಟ್ಟದ್ದು ಅಂತ ತಿಳ್ಕೊಂಡಿದ್ದೆ ನಾನು!

ಈಗ ನಾನು ಭಾನುವಾರ ಹುರಿದು, ಮೊರದಲ್ಲಿ ಹರವಿ ಆರಿಸಿ ಡಬ್ಬಿಗೆ ಹಾಕ್ತೇನೆ. ಮಳೆಗಾಲದಲ್ಲಿ ಬಿಗಿಯಾಗಿ ಮುಚ್ಚಿ, ದಿನಕ್ಕೊಂದು ಸಲ ಮುಚ್ಚಳ ತೆಗೆದು ಹಾಕಿದ್ರೆ ಸಾಕು. ಪುಡಿ ಗುರುವಾರವೇ. ಕಪ್ಪಾಗಿ ಹುರಿದಿದ್ರೆ ಎರಡು ಮೂರು ದಿನಕ್ಕೇ ಆದೀತು. ಕಾಯಬೇಕಾದ್ದು ಬೀಜ, ಪುಡಿ ಅಲ್ಲ ಮಾರಾಯ್ತಿ. ಪುಡಿ ಮಾಡಿಟ್ರೆ ಗಾಳಿ ಜೊತೆ ಘಮವೂ ಹಾರಿಹೋಗ್ತದೆ. ಹಾಗಂತ ತಿಂಗಳುಗಟ್ಟಲೆ ಬೀಜ ಇಟ್ಟು ನನ್ನ ಹೆಸರು ಹೇಳ್ಬೇಡಿ.

ಹುರಿದ ದಿನವೇ ಮಾಡ್ಲೇಬೇಕಾದ್ರೆ, ಮೊದಲು ಪುಡಿ ನೆನೆಯೋವಷ್ಟೇ ಬಿಸಿನೀರು ಹಾಕಿ, ಉಬ್ಬಿ ಇಳಿಯೋವರೆಗೆ ಕಾದು, ಆಮೇಲೆ ಉಳಿದದ್ದು ಹೊಯ್ಯಿ. ಸ್ವಲ್ಪ ಮರ್ಯಾದೆ ಉಳೀತದೆ.

ಬರೋ ತಿಂಗಳು ನಮ್ಮನೆಗೆ ಸೊಸೆ ಬರ್ತಾಳೆ. ಶುಕ್ರವಾರ ಮನೆ ತುಂಬಿಸಿಕೊಳ್ಳೋದು. ಮರುದಿನದ ಕಾಫಿ ಅವಳ ಕೈಯದ್ದೇ, ನೆಂಟರೆಲ್ಲ ಇರ್ತಾರೆ. ಬೀಜ ನಾನು ಸೋಮವಾರವೇ ಹುರಿದಿಡ್ತೇನೆ.