ಏಳು ಆಸನದ ಹಳೆಯ ಕಾರು

2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆಯು ಹಳೆಯ ಕಾರನ್ನು ಕೊಳ್ಳಹೊರಟವರಿಗೂ ಸಂಬಂಧಿಸಿದ ಸಂಗತಿಯೇ. ನಾಲ್ಕು ಮೀಟರಿನೊಳಗಿನ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಅಂದು ಶೇಕಡಾ 28ರಿಂದ 18ಕ್ಕೆ ಇಳಿಯಿತು. ಏಳು ಆಸನದ ರೆನೋ ಟ್ರೈಬರ್ ಆ ವರ್ಗದ್ದೇ. ಹೊಸದೇ ಅಗ್ಗವಾದ ಬಳಿಕ, ಅದಕ್ಕೂ ಮುಂಚಿನ ಗಾಡಿಗೆ ಹಿಂದಿನ ದರವನ್ನೇ ಹೇಳುವವನ ಮಾತನ್ನು ನಾವು ಒಪ್ಪಬೇಕಾದುದಿಲ್ಲ.

ತ್ರಿಪ್ಪುಣಿತ್ತುರಕ್ಕೆ 2024ರ ಮಾರ್ಚಿನಲ್ಲಿ ಮೆಟ್ರೊ ಬಂದಿರುವುದರಿಂದ, ಕೊಚ್ಚಿಯ ದಿನನಿತ್ಯದ ಓಡಾಟಕ್ಕೆ ದೊಡ್ಡ ಕಾರು ಅನೇಕರಿಗೆ ಅನಿವಾರ್ಯವಲ್ಲ. ವೃದ್ಧ ತಾಯಿತಂದೆಗಳನ್ನೂ ಮಕ್ಕಳನ್ನೂ ಕೂಡಿಕೊಂಡು ಊರಿಗೆ ಹೋಗುವಾಗಲೇ ಅದರ ಅಗತ್ಯ. ಆದರೆ ಏಳು ಜನ ಕುಳಿತರೆ ಟ್ರೈಬರಿನಲ್ಲಿ ಸಾಮಾನಿಗೆ ಉಳಿಯುವ ಸ್ಥಳ ಕೇವಲ 84 ಲೀಟರು. 2018ರ ಅನಂತರದ ಎರ್ಟಿಗಾದಲ್ಲಿ 209. ಊರಿನಿಂದ ಮರಳುವಾಗ ತೆಂಗಿನಕಾಯಿಯ ಚೀಲವೊಂದನ್ನು ಹೇರಿಕೊಳ್ಳದ ಕುಟುಂಬ ನಮ್ಮಲ್ಲಿ ಯಾವುದು? ಬಳಸಿದ ಎರ್ಟಿಗಾವೇ ಮೇಲೆಂದು ನಮ್ಮ ಅಭಿಪ್ರಾಯ.

ಬೆಂಗಳೂರಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರುಂಟು. ಅನ್ಯರಾಜ್ಯದ ಗಾಡಿಯನ್ನು 12 ತಿಂಗಳಿಗೆ ಮೀರಿ ಇಲ್ಲಿ ಇರಿಸಿಕೊಂಡರೆ ಮರುನೋಂದಣಿ ಕಡ್ಡಾಯ. ಕರ್ನಾಟಕದ ನಿರಾಕ್ಷೇಪಣಾ ಪತ್ರ ಬೇಕು, ಕೇರಳದ ತೆರಿಗೆಯನ್ನು ಬೇರೆಯಾಗಿ ತೆರಬೇಕು. ಅಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಒಂದಂಶ ಮಾತ್ರ, ಅದೂ ಅರ್ಜಿ ಹಾಕಿದವರಿಗೆ, ಮರಳೀತು. ಗಾಡಿ ಸೋದರಮಾವನ ಹೆಸರಿನಲ್ಲಿಯೇ ಇರಲಿ ಎಂಬ ಉಪಾಯವು ಅಪಘಾತವಾದ ದಿನ ಮಾವನನ್ನೇ ನ್ಯಾಯಾಲಯಕ್ಕೆ ಎಳೆದೀತು.

ಇಲ್ಲಿಯ ಗಾಡಿಗಳಿಗೋ ಬೇರೊಂದು ಶಂಕೆ: 2018ರ ಆಗಸ್ಟಿನ ನೆರೆ. ಅದಕ್ಕೂ ಮುಂಚಿನದಾದರೆ ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಕಲೆಯನ್ನು ಹುಡುಕಬೇಕು, ನೆಲಹಾಸನ್ನು ಎತ್ತಿ ತುಕ್ಕನ್ನು ನೋಡಬೇಕು. ಅದಕ್ಕೊಪ್ಪದವನಿಗೆ ಮುಂಗಡ ಕೊಡಬಾರದು.