ದೀಪದ ದಾಕ್ಷಿಣ್ಯ

ಮನೆಗೆ ಬಂದ ಅತಿಥಿಗೆ ಎಷ್ಟು ದೊಡ್ಡ ದನಿಯಲ್ಲಿ ಮಾತನಾಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ ಅವನ ಧ್ವನಿ ತಾನಾಗಿಯೇ ತಗ್ಗುತ್ತದೆ. ಅದೇ ಅತಿಥಿ ಪರರ ಊರಿನಲ್ಲಿ ವಾಹನ ನಿಲ್ಲಿಸಿ ದೀಪ ಹಾಕುವಾಗ ಮಾತ್ರ ಈ ದಾಕ್ಷಿಣ್ಯವನ್ನು ಮರೆಯುತ್ತಾನೆ. ಶಬ್ದಕ್ಕೊಂದು ಮಿತಿಯುಂಟೆಂದು ಬಲ್ಲವರಿಗೂ ಬೆಳಕಿಗೊಂದು ಮಿತಿಯುಂಟೆಂಬುದು ಹೊಳೆಯುವುದಿಲ್ಲ.

ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನೆಲ್ಲ ಹೊತ್ತು ಸಾಗುವ ಕ್ಯಾರವಾನ್ ವಾಹನಗಳು ಈಚೆಗೆ ಮಲೆನಾಡಿನ ದಾರಿ ಹಿಡಿದಿವೆ. ಬೆಂಗಳೂರಿನ ಗೃಹಸ್ಥರೊಬ್ಬರು ಅಂತಹ ವಾಹನದಲ್ಲಿ ಹೆಂಡತಿ ಮಕ್ಕಳೊಡನೆ ಮೇ ತಿಂಗಳ ಕೊನೆಯಲ್ಲಿ ಹೊಸನಗರದ ಕಡೆಗೆ ಹೊರಟರೆಂದು ಭಾವಿಸಿ. ಪರಿಚಿತರ ಅಡಿಕೆ ತೋಟದ ಮೇಲಿನ ಬಯಲಿನಲ್ಲಿ ತಂಗಲು ಅವರಿಗೆ ಒಪ್ಪಿಗೆ ದೊರೆತಿದೆ. ಕತ್ತಲಾಗುತ್ತಲೇ ಗೃಹಸ್ಥರು ಗುಂಡಿ ಒತ್ತುತ್ತಾರೆ. ವಾಹನದ ನಾಲ್ಕು ಮಗ್ಗುಲಲ್ಲಿಯೂ ಬಿಳಿಯ ದೀಪಗಳು ಝಗ್ಗನೆ ಹೊತ್ತಿಕೊಳ್ಳುತ್ತವೆ. ಸ್ವಲ್ಪ ಹೊತ್ತಿನಲ್ಲೇ ಊಟದ ತಟ್ಟೆಗಳ ಮೇಲೆ ಹುಳುಗಳ ಮಳೆ. ಕೆಳಗಿನ ಮನೆಯಿಂದ ಹಿರಿಯರೊಬ್ಬರು ಟಾರ್ಚು ಹಿಡಿದು ಮೇಲೇರಿ ಬರುತ್ತಾರೆ.

“ದೀಪ ಒಂದು ಗಳಿಗೆ ಆರಿಸಿ ನೋಡಿ, ಮಾರಾಯ್ರೆ.”

“ಆರಿಸಿದರೆ ಹಾವು ಹುಪ್ಪಟೆಗಳ ಭಯವಲ್ಲವೇ, ಯಜಮಾನರೇ?”

“ಹಾವು ಇರುವುದು ದಾರಿಯಲ್ಲಿ, ದೀಪ ಇರುವುದು ಗಾಡಿಯ ಮೇಲೆ. ನಡೆಯುವಾಗ ಕೈಯಲ್ಲೊಂದು ಟಾರ್ಚು ಇದ್ದರಾಯಿತು.”

ದೀಪ ಆರುತ್ತದೆ. ಮೊದಲು ಏನೂ ಕಾಣದು. ಕೆಲವು ನಿಮಿಷಗಳ ತರುವಾಯ ತೋಟದ ಅಂಚಿನಲ್ಲಿ ಒಂದು ಕಿಡಿ. ಅದರ ಪಕ್ಕದಲ್ಲಿ ಇನ್ನೊಂದು. ನೋಡುತ್ತಿರುವಂತೆಯೇ ಮರಕ್ಕೆ ಮರವೇ ಮಿಂಚುಹುಳುಗಳಿಂದ ಮಿನುಗತೊಡಗುತ್ತದೆ. ಮಕ್ಕಳು ಊಟ ಮರೆಯುತ್ತಾರೆ. ಇಷ್ಟು ಹೊತ್ತೂ ಅವು ಅಲ್ಲಿಯೇ ಇದ್ದವು. ಕಾಣಲು ಬಿಡದೆ ಇದ್ದದ್ದು ನಾಲ್ಕು ದೀಪಗಳು.

ಮಿಂಚುಹುಳುವಿಗೆ ಆ ಮಿನುಗು ಅಲಂಕಾರವಲ್ಲ, ಮಾತು. ಗಂಡು ಹಾರುತ್ತ ಒಂದು ಲಯದಲ್ಲಿ ಬೆಳಕಿನ ಸಂಕೇತ ಕೊಡುತ್ತದೆ; ಅನೇಕ ಜಾತಿಗಳಲ್ಲಿ ಹೆಣ್ಣು ಗಿಡದ ಮೇಲೆ ಕುಳಿತು ಬೆಳಕಿನಿಂದಲೇ ಉತ್ತರ ಹೇಳುತ್ತದೆ. ಪ್ರೌಢ ಹುಳುವಿನ ಆಯುಸ್ಸು ಕೆಲವೇ ವಾರಗಳು. ಆ ಅವಧಿಯಲ್ಲಿ ನಮ್ಮ ದೀಪದ ಅಬ್ಬರದಲ್ಲಿ ಅವುಗಳ ಮಾತು ಮುಳುಗಿಹೋದರೆ ಮುಂದಿನ ಸಂತತಿಯೇ ಕ್ಷೀಣಿಸುತ್ತದೆ.

ತಟ್ಟೆಗೆ ಬಿದ್ದ ಹುಳುಗಳದು ಇನ್ನೊಂದು ಕಥೆ. ದೀಪದ ಮೋಹದಿಂದ ಪತಂಗ ಪ್ರಾಣ ಕೊಡುತ್ತದೆಂದು ಕವಿಗಳು ಹೇಳುತ್ತ ಬಂದರು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆಯೇ ಕಾರಣ ತೋರಿಸಿತು. ಆಕಾಶ ನೆಲಕ್ಕಿಂತ ಬೆಳ್ಳಗಿರುವುದರಿಂದ ಹಾರುವ ಕೀಟ ಬೆಳಕಿನ ಕಡೆಗೆ ಬೆನ್ನು ತಿರುಗಿಸಿ ಮೇಲು ಕೆಳಗುಗಳನ್ನು ನಿರ್ಣಯಿಸುತ್ತದೆ. ಸಮೀಪದ ದೀಪವನ್ನೇ ಆಕಾಶವೆಂದು ಬಗೆದು ಬೆನ್ನು ಕೊಟ್ಟಾಗ ಅದರ ಹಾರಾಟ ವಕ್ರವಾಗಿ, ದೀಪದ ಸುತ್ತಲೇ ಸಿಕ್ಕಿಬೀಳುತ್ತದೆ. ಅದು ಪ್ರೇಮವಲ್ಲ, ದಿಕ್ಕು ತಪ್ಪಿದ ದುರವಸ್ಥೆ.

ಹಾಗೆಂದು ಪ್ರವಾಸಿಗಳು ಕತ್ತಲಲ್ಲೇ ಕುಳಿತಿರಬೇಕೆ? ಬೇಕಾಗಿಲ್ಲ. ವಾಹನಕ್ಕೆ ಹೊರದೀಪ ಹಾಕಿಸುವಾಗ ನಾಲ್ಕು ಸಂಗತಿಗಳನ್ನು ಗಮನಿಸಿದರೆ ಸಾಕು.

ಮೊದಲನೆಯದು ಸ್ಥಳ. ದೀಪ ಛಾವಣಿಯ ತುದಿಯಲ್ಲಿರುವುದಕ್ಕಿಂತ ಮೆಟ್ಟಿಲ ಬಳಿ, ಮೊಣಕಾಲೆತ್ತರದಲ್ಲಿ, ಮುಚ್ಚಳದ ಮರೆಯಲ್ಲಿ ನೆಲವನ್ನು ನೋಡುತ್ತಿರಬೇಕು. ಪರೀಕ್ಷೆ ಸುಲಭ: ಐವತ್ತು ಹೆಜ್ಜೆ ದೂರ ಹೋಗಿ ತಿರುಗಿ ನೋಡಿ. ಬೆಳಗಿದ ನೆಲ ಕಂಡರೆ ಸರಿ. ಬಲ್ಬೇ ಕಣ್ಣಿಗೆ ಚುಚ್ಚಿದರೆ ತಪ್ಪು.

ಎರಡನೆಯದು ಬಣ್ಣ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ಅಂಗಡಿಯ 6000 ಕೆಲ್ವಿನ್ ದೀಪದಲ್ಲಿ ನೀಲಿಯ ಪಾಲು ಹೆಚ್ಚು. ಕೀಟಗಳನ್ನು ಕರೆಯುವುದೂ ಆಕಾಶದಲ್ಲಿ ಹೆಚ್ಚು ಚದುರುವುದೂ ಅದೇ. 2700 ಅಥವಾ ಅದಕ್ಕಿಂತ ಕಡಮೆಯ ಹಳದಿ ದೀಪ ಲಾಟೀನಿನ ಬೆಳಕಿನಂತೆ ಹಿತವಾಗಿರುತ್ತದೆ.

ಮೂರನೆಯದು ಪ್ರಮಾಣ. ಹಳೆಯ 40 ವಾಟಿನ ಬಲ್ಬು ಸುಮಾರು 400 ಲೂಮೆನ್ ಬೆಳಕು ಕೊಡುತ್ತಿತ್ತು. ಹೊರಗೆ ಊಟಕ್ಕೆ ಅದರ ಅರ್ಧ ಸಾಕು. ಮೆಟ್ಟಿಲಿಗೆ ಇನ್ನೂ ಬಹಳ ಕಡಮೆ. ಉಳಿತಾಯವೂ ಸಣ್ಣದಲ್ಲ. 12 ವೋಲ್ಟಿನ ಬ್ಯಾಟರಿಯಿಂದ 40 ವಾಟಿನಷ್ಟು ದೀಪಗಳನ್ನು ಐದು ಗಂಟೆ ಉರಿಸಿದರೆ ಸುಮಾರು 17 ಆಂಪಿಯರ್-ಗಂಟೆ ಖರ್ಚು. 4 ವಾಟಿನ ಒಂದೇ ದೀಪಕ್ಕೆ ಎರಡು ಕೂಡ ಬೇಡ.

ನಾಲ್ಕನೆಯದು ಹತೋಟಿ. ಪ್ರತಿ ಮಗ್ಗುಲಿಗೂ ಬೇರೆ ಗುಂಡಿಯಿರಲಿ, ನೆರೆಮನೆಯ ಕಡೆಯದು ಆರಿಯೇ ಇರಲಿ. ಮಲಗುವಾಗ ಎಲ್ಲವೂ ಆರಬೇಕು. ವಾಹನ ಚಲಿಸುವಾಗಲಂತೂ ಹೊರದೀಪ ಉರಿಯಲೇಕೂಡದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಕಾಣುವ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಂತಹ ಕಡೆ ಹೋಗುವವರು ನೀರು ನುಗ್ಗದ ದೀಪವನ್ನೇ ಆರಿಸಿ, ತಂತಿಗೆ ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿಸುವುದು ಕ್ಷೇಮ. ಕೊಡಚಾದ್ರಿ, ಆಗುಂಬೆಗಳ ರಕ್ಷಿತ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ರಾತ್ರಿ ತಂಗುವ ಮಾತೇ ಇಲ್ಲ.

ಸಾಗರದ ಕಡೆಗೆ ತಿರುಗಿದರೆ ಈ ವಿಚಾರಕ್ಕೆ ಇನ್ನೊಂದು ಅರ್ಥವೂ ಒದಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅದೆಷ್ಟೋ ಗದ್ದೆ, ತೋಟ, ಮನೆಗಳು ಶರಾವತಿಯ ನೀರಿನಡಿ ಸೇರಿದವು. ನಾಡಿನ ನಗರಗಳು ಬೆಳಗಿದವು. ನೆಲ ಕೊಟ್ಟ ಅನೇಕ ಸಂಸಾರಗಳು ಬಹುಕಾಲ ಚಿಮಣಿ ದೀಪದಲ್ಲೇ ಇರುಳು ಕಳೆದವು. ಹಿನ್ನೀರಿನಾಚೆಯ ತುಮರಿಯ ಸುತ್ತಿನ ಊರುಗಳಿಗೆ ಲಾಂಚೇ ದಾರಿಯಾಗಿತ್ತು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಮುಂದೆ ಬೆಳಗಿನವರೆಗೆ ಈ ದಡ ಈ ದಡವೇ, ಆ ದಡ ಆ ದಡವೇ. 2025ರ ಜುಲೈ 14ರಂದು ಅಂಬಾರಗೊಡ್ಲು, ಕಳಸವಳ್ಳಿಗಳ ನಡುವೆ ಸೇತುವೆ ತೆರೆಯಿತು. ರೋಗಿಗೆ, ಬಸುರಿಗೆ, ವಿದ್ಯಾರ್ಥಿಗೆ ಅದರಿಂದಾದ ಉಪಕಾರ ದೊಡ್ಡದು. ಆ ಸೇತುವೆಯ ಮೇಲೆ ಪ್ರವಾಸಿಯ ವಾಹನವೂ ಯಾವ ಹೊತ್ತಿನಲ್ಲಾದರೂ ಬರಬಹುದು.

ನಾಡಿಗೆ ಬೆಳಕು ಕೊಟ್ಟು ತಾವು ಕತ್ತಲಲ್ಲಿ ಉಳಿದವರ ಊರು ಅದು. ಅಲ್ಲಿನವರಿಗೆ ಬೇಕಾದ ದೀಪ ಬೇಕೇಬೇಕು. ಕತ್ತಲೆ ಚೆಂದವೆಂದು ಅವರಿಗೆ ಉಪದೇಶಿಸುವ ಅಧಿಕಾರ ನಗರದವರಿಗೆ ಇಲ್ಲ. ಆದರೆ ಒಂದು ರಾತ್ರಿಯ ಅತಿಥಿ ಅವರ ಕಿಟಕಿಗೆ ತನ್ನ ಬೆಳಕನ್ನು ಸುರಿಯುವ ಅಧಿಕಾರವೂ ಇಲ್ಲ.

ಹಿಂದೆ ಒಣಗರಿಯ ಸೂಡಿ ಹಿಡಿದು ನಡೆಯುತ್ತಿದ್ದವರು ಬೆಳಕನ್ನು ತಗ್ಗಿಸಿ ಹೆಜ್ಜೆಯ ಮುಂದಕ್ಕೇ ಹಿಡಿಯುತ್ತಿದ್ದರು. ಎದುರಿನವನ ಕಣ್ಣಿಗೆ ರಾಚಬಾರದು, ತನ್ನ ಕಾಲು ಎಡವಬಾರದು. ಬ್ಯಾಟರಿ, ಬಲ್ಬುಗಳ ಈ ಕಾಲದಲ್ಲಿಯೂ ಲೆಕ್ಕ ಅಷ್ಟೇ. ಮರುದಿನ ಬೆಳಗ್ಗೆ ಕೆಳಮನೆಯ ಹಿರಿಯರು, “ನಿನ್ನೆ ನೀವು ಇಲ್ಲಿದ್ದದ್ದೇ ಗೊತ್ತಾಗಲಿಲ್ಲ” ಎಂದರೆ, ಪ್ರವಾಸಿ ಪಡೆಯಬಹುದಾದ ಪ್ರಶಸ್ತಿ ಅದಕ್ಕಿಂತ ದೊಡ್ಡದಿಲ್ಲ.