ತಂದೆ ಯಾರನ್ನು ಕೇಳಬೇಕು?

ಬೇಡಕಿಹಾಳದ ಚಹಾದಂಗಡಿಯಲ್ಲಿ ಮುಂಜಾನೆ ಕುಳಿತರೆ ಗಂಡಸರ ಮಾತು ಕಬ್ಬಿನ ಬಿಲ್ಲು, ತಂಬಾಕಿನ ದರ, ಪಂಚಾಯತಿಯ ರಾಜಕೀಯ ಇವುಗಳ ಸುತ್ತಲೇ ತಿರುಗುತ್ತದೆ. ‘ಮಗ ಮೂರು ದಿನದಿಂದ ಮಾತು ಬಿಟ್ಟಿದ್ದಾನೆ, ಏನು ಮಾಡಲಿ?’ ಎಂದು ಅಲ್ಲಿ ಯಾವ ತಂದೆಯೂ ಬಾಯಿ ಬಿಡಲಾರ. ತಾಯಂದಿರಿಗೆ ಅಂಗನವಾಡಿಯ ಸಭೆಯುಂಟು, ಸ್ವಸಹಾಯ ಸಂಘವುಂಟು. ತಂದೆಗೇನುಂಟು? ಶಾಲೆಯ ಶುಲ್ಕ ಕಟ್ಟಿ ಪ್ರಗತಿಪತ್ರಕ್ಕೆ ಸಹಿ ಹಾಕಿದರೆ ಅವನ ಕರ್ತವ್ಯ ತೀರಿತೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ.

ಈ ಒಂಟಿತನ ಇಮ್ಮಡಿಯಾಗಿರುವ ಮನೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಖಾನಾಪುರದ ಕಾಡಂಚಿನಲ್ಲಿಯೂ ಅದರಾಚೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿಯೂ ನೆಲೆಸಿರುವ ಸಿದ್ದಿ ಬಾಂಧವರನ್ನು ನೆನೆಯಿರಿ. ಪೋರ್ತುಗೀಜರೂ ಅರಬ ವರ್ತಕರೂ ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಸಂತತಿ ಅವರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ, ಕಥೋಲಿಕರೂ ಅನೇಕರಿದ್ದಾರೆ. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯವು ಬೇರ್ಪಡುವವರೆಗೆ ಆ ಕಡೆಯ ಸಿದ್ದಿ ಕಥೋಲಿಕರು ನಮ್ಮ ಬೆಳಗಾವಿ ಧರ್ಮಪ್ರಾಂತ್ಯದವರೇ ಆಗಿದ್ದರು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ನೆನಪಿದೆಯೋ ಕಾಣೆ.

ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳವರಿಗೆ 2020ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಪ್ರಮಾಣಪತ್ರವೇನೋ ಬಂತು. ಆದರೆ ಗುಂಗುರು ಕೂದಲಿಗೆ ಗೇಲಿಯುಂಡು ಶಾಲೆಯಿಂದ ಬಂದ ಮಗು, ‘ಅಪ್ಪಾ, ನಾವು ಯಾವ ದೇಶದವರು?’ ಎಂದು ಕೇಳಿದರೆ ತಂದೆ ಏನೆಂದು ಉತ್ತರಿಸಬೇಕು? ತಲೆಮಾರುಗಳಿಂದ ಈ ಮಣ್ಣನ್ನೇ ಉತ್ತು, ಕೊಂಕಣಿ, ಕನ್ನಡ, ಮರಾಠಿ ಆಡುವವನು ತಾನು ಇಲ್ಲಿಯವನೆಂದು ಮತ್ತೆ ರುಜುವಾತು ಮಾಡಬೇಕೆ? ಸಿಟ್ಟಾಗಬೇಕೆ, ನಕ್ಕು ಮರೆಸಬೇಕೆ? ಇದಕ್ಕೆ ಯಾವ ಕಚೇರಿಯೂ ಉತ್ತರ ಕೊಡದು. ಅದೇ ಪ್ರಶ್ನೆಯನ್ನು ಎದುರಿಸಿದ ಇನ್ನೊಬ್ಬ ತಂದೆ ಮಾತ್ರ ಕೊಡಬಲ್ಲ.

ಅಮೇರಿಕದ ಕಪ್ಪು ವರ್ಣದ ತಂದೆಯರು ಇದನ್ನು ಬಹುಕಾಲದ ಹಿಂದೆಯೇ ಅರಿತರು. ಪೊಲೀಸರು ತಡೆದಾಗ ಕೈಗಳನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಮಗನಿಗೆ ಕಲಿಸಬೇಕಾದ ದುರ್ದೈವ ಅವರದು. ಕ್ಷೌರದಂಗಡಿಗಳಲ್ಲಿ, ದೇವಾಲಯದ ಸಭಾಂಗಣಗಳಲ್ಲಿ ಕೂಡಿ ಅವರು ಪರಸ್ಪರ ಕೇಳಿ ಕಲಿಯುತ್ತಾರೆ. ಮಗಳ ಸುರುಳಿಗೂದಲನ್ನು ನೋವಾಗದಂತೆ ಬಾಚಿ ಹೆಣೆಯುವುದನ್ನೂ ಒಬ್ಬರಿಂದೊಬ್ಬರು ಕಲಿಯುವವರಿದ್ದಾರೆ! ನಮ್ಮ ಗಂಡಸರು ಇದನ್ನು ಕೇಳಿ ನಕ್ಕಾರು. ನಗಲಿ, ಆದರೆ ತಮ್ಮ ಮಗಳ ಜಡೆಯನ್ನು ಎಂದಾದರೂ ಹೆಣೆದದ್ದುಂಟೆ?

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇನೆ. ಸಿದ್ದಿ ಮಗುವನ್ನು ಗೇಲಿ ಮಾಡಿದ ಮಗುವಿಗೂ ಒಬ್ಬ ತಂದೆಯಿದ್ದಾನೆ. ಆ ಮಾತನ್ನು ಅದು ಎಲ್ಲಿ ಕಲಿಯಿತು? ಹಲವು ಸಲ ನಮ್ಮದೇ ಊಟದ ಪಂಕ್ತಿಯಲ್ಲಿ. ಹೀಗಿರುವಾಗ ಕಲಿಯಬೇಕಾದ ತಂದೆ ಖಾನಾಪುರದಲ್ಲಿ ಮಾತ್ರ ಇದ್ದಾನೆಂದು ನಾವು ಭಾವಿಸಬಾರದು.

ಸಂತ ಜೋಸೆಫರ ಹಬ್ಬ ಮಾರ್ಚ್ 19ರಂದು ಬರುತ್ತದೆ. ಅಷ್ಟರಲ್ಲಿ ಕಬ್ಬು ನುರಿಸುವ ಹಂಗಾಮು ಇಳಿಮುಖವಾಗಿ ಗಂಡಸರಿಗೆ ತುಸು ಬಿಡುವಿರುತ್ತದೆ. ಅಂದು ಬಲಿಪೂಜೆಯ ನಂತರ ತಂದೆಯರಷ್ಟೇ ಒಂದು ಗಂಟೆ ಕೂಡಲಿ. ಭಾಷಣ ಬೇಡ, ಹಾರ ಬೇಡ. ಖಾನಾಪುರದ ಕಡೆಯಿಂದ ಇಬ್ಬರು ಮೂವರು ಸಿದ್ದಿ ತಂದೆಯರನ್ನು ಬಸ್ಸಿನ ಖರ್ಚು ಕೊಟ್ಟು ಕರೆಸಿ, ಮೊದಲು ಅವರ ಮಾತನ್ನು ಕೇಳೋಣ.